ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪ್ರವೇಶ: ಅರ್ಜಿಯ ಪ್ರಬಂಧ ಬರೆಯುವುದು ಹೇಗೆ?



ವಿದ್ಯಾರ್ಥಿವೇತನಕ್ಕೆ ಬರುವ ಅರ್ಜಿಗಳನ್ನು ಓದುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದಿದೆ. ಮೊದಲೆಲ್ಲ ಎಂಜಿನಿಯರಿಂಗ್, ವೈದ್ಯಕೀಯ, ಬಿ.ಎಡ್. ಇವೇ ಹೆಚ್ಚು ಕಾಣುತ್ತಿದ್ದವು. ಈಗ ನರ್ಸಿಂಗ್, ಫಿಸಿಯೋಥೆರಪಿ, ಯುನಾನಿ, ದಂತವೈದ್ಯ, ಸಮಾಜಕಾರ್ಯ ಓದಿದ ಮಕ್ಕಳು ‘ಎಂ.ಪಿ.ಎಚ್.’ ಓದಬೇಕೆಂದು ಬರೆಯುತ್ತಿದ್ದಾರೆ. ಎಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಈ ಪ್ರವೇಶಕ್ಕೆ ಅಂಕಪಟ್ಟಿಯ ಜೊತೆಗೆ ಅನೇಕ ಸಂಸ್ಥೆಗಳು ಒಂದು ಪ್ರಬಂಧವನ್ನೂ ಕೇಳುತ್ತವೆ. ನಮ್ಮ ಮಕ್ಕಳು ಹೆಚ್ಚು ಎಡವುವುದು ಅಲ್ಲಿಯೇ. ಆದ್ದರಿಂದ ಈ ಬರಹ.

ಇದು ಯಾವ ಓದು?

“ಇದು ಡಾಕ್ಟರ್ ಓದೇ ಸರ್?” ಎಂದು ತಂದೆತಾಯಂದಿರು ಕೇಳುತ್ತಾರೆ. ಅಲ್ಲ. ನಮ್ಮದೇ ರಾಜ್ಯದ ಒಂದು ಉದಾಹರಣೆ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಸಮಯಕ್ಕೆ ಸುತ್ತಲಿನ ಹಳ್ಳಿಯವರಿಗೂ ತೀವ್ರ ಜ್ವರ ಬಂತು. ಅದೇ ಮಂಗನ ಕಾಯಿಲೆ. ಜ್ವರ ಬಂದವರನ್ನು ಹಾಸಿಗೆಯಲ್ಲಿ ಮಲಗಿಸಿ ನೋಡಿಕೊಳ್ಳುವುದು ವೈದ್ಯರ ಕೆಲಸ. ಯಾರಿಗೆ ಬರುತ್ತಿದೆ, ಯಾವ ತಿಂಗಳಲ್ಲಿ ಬರುತ್ತಿದೆ, ಅವರು ಎಲ್ಲಿಗೆ ಹೋಗಿ ಬಂದಿದ್ದರು ಎಂದು ಕೇಳುವುದು ಸಾರ್ವಜನಿಕ ಆರೋಗ್ಯದ ಕೆಲಸ. ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋದವರನ್ನು ಉಣುಗು ಕಚ್ಚುತ್ತದೆ, ಅದರಿಂದ ವೈರಸ್ ದೇಹ ಸೇರುತ್ತದೆ ಎಂದು ತಿಳಿದ ಮೇಲೆ ಮಾತ್ರ ಊರಿಗೆ ಊರೇ ಎಚ್ಚರ ವಹಿಸುವುದು ಸಾಧ್ಯವಾಯಿತು. ಇಂದಿಗೂ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುವುದು ಇದೇ ಕಾರಣಕ್ಕೆ.

ವೈದ್ಯರ ಮುಂದೆ ಒಬ್ಬ ರೋಗಿ ಇರುತ್ತಾನೆ. ಈ ಓದಿನವರ ಮುಂದೆ ಒಂದು ಊರು ಇರುತ್ತದೆ. ಆದ್ದರಿಂದಲೇ ರೋಗ ಹರಡುವ ಬಗೆ, ಅಂಕಿಅಂಶ, ಪರಿಸರ, ಆರೋಗ್ಯ ನೀತಿ, ಜನರ ನಡವಳಿಕೆ ಇವೆಲ್ಲ ಇಲ್ಲಿ ಪಾಠಗಳು. ಪ್ರಬಂಧ ಓದುವವರು ಹುಡುಕುವುದೂ ಒಂದನ್ನೇ: ಈ ಅಭ್ಯರ್ಥಿ ಒಬ್ಬರ ಕಷ್ಟ ಕಂಡಾಗ ‘ಇದು ಎಷ್ಟು ಮಂದಿಗಿದೆ, ಏಕಿದೆ’ ಎಂದು ಕೇಳಬಲ್ಲರೇ?

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧ ತಂದು ತೋರಿಸಿದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಳು. “ಸ್ವಲ್ಪ ತಿದ್ದಿಕೊಡಿ ಸರ್” ಎಂದಳು. ನಾನು ಸ್ವಲ್ಪ ಅಲ್ಲ, ಪೂರ್ತಿ ತಿದ್ದಿದೆ. ಮೂವತ್ತು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಅದು, ಸುಮ್ಮನಿರಲಿಲ್ಲ. ಅವಳ ಸಣ್ಣ ವಾಕ್ಯಗಳನ್ನು ತೆಗೆದು ದೊಡ್ಡ ಇಂಗ್ಲಿಷ್ ಪದಗಳನ್ನು ಕೂರಿಸಿದೆ. ಸಂದರ್ಶನದಲ್ಲಿ ಅವಳದೇ ಪ್ರಬಂಧದ ಒಂದು ವಾಕ್ಯ ಓದಿ, “ಇದನ್ನು ವಿವರಿಸಿ” ಎಂದರಂತೆ. ಆ ವಾಕ್ಯ ನನ್ನದು. ಅವಳಿಗೆ ಉತ್ತರ ಹೊಳೆಯಲಿಲ್ಲ, ಸೀಟು ಸಿಗಲಿಲ್ಲ. ಅವಳು ನನ್ನನ್ನು ದೂರಲಿಲ್ಲ. ಆದರೆ ಒಂದು ವರ್ಷ ಹೋಯಿತು.

ಮರುವರ್ಷ ನಾನು ಪೆನ್ನು ಮುಟ್ಟಲಿಲ್ಲ. “ನಿನ್ನ ಮನೆಯ ವಿಷಯ ಹೇಳು ಮಗಳೇ” ಎಂದೆ. ಅವಳ ತಾಯಿ ಬೀಡಿ ಕಟ್ಟುವವರು. ಮೊದಲ ಪ್ರಬಂಧದಲ್ಲಿ ಅದರ ಸುಳಿವೇ ಇರಲಿಲ್ಲ. “ಅದನ್ನೆಲ್ಲ ಬರೆಯುವುದು ಹೇಗೆ ಸರ್, ನಾಚಿಕೆಯಾಗುತ್ತದೆ” ಎಂದಳು. ಮೊದಲು ಕನ್ನಡದಲ್ಲೇ ಬರೆ ಎಂದೆ.

ಅವಳ ಒಪ್ಪಿಗೆ ಪಡೆದು ಎರಡನ್ನೂ ಇಲ್ಲಿ ಕೊಡುತ್ತಿದ್ದೇನೆ. ಮೊದಲ ವರ್ಷದ ಆರಂಭ ಹೀಗಿತ್ತು: “ಬಾಲ್ಯದಿಂದಲೂ ನನಗೆ ಬಡವರ ಸೇವೆ ಮಾಡುವ ಹಂಬಲವಿದೆ. ಆರೋಗ್ಯವೇ ಭಾಗ್ಯ ಎಂದು ನಾನು ನಂಬಿದ್ದೇನೆ.”

ಎರಡನೇ ವರ್ಷದ್ದು ಹೀಗೆ: “ನನ್ನ ಉಮ್ಮ ನಾನು ಹುಟ್ಟುವ ಮೊದಲಿನಿಂದ ಬೀಡಿ ಕಟ್ಟುತ್ತಿದ್ದಾರೆ. ಮೊರ ಮಡಿಲಲ್ಲಿಟ್ಟುಕೊಂಡೇ ನನಗೆ ಅಕ್ಷರ ಕಲಿಸಿದರು. ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ಒಂಬತ್ತರಲ್ಲಿ ಬೀಡಿ ಕಟ್ಟುವವರಿದ್ದಾರೆ. ನರ್ಸಿಂಗ್ ಓದುವಾಗ ರಜೆಯಲ್ಲಿ ಬಂದು ಎಲ್ಲರನ್ನೂ ಕೇಳಿದೆ. ಆರು ಮನೆಯ ಹೆಂಗಸರಿಗೆ ಹಳೆಯ ಕೆಮ್ಮು ಇದೆ. ಇದು ತಂಬಾಕಿನ ಧೂಳಿನಿಂದಲೋ, ಸೌದೆ ಒಲೆಯ ಹೊಗೆಯಿಂದಲೋ, ಎರಡರಿಂದಲೋ ನನಗೆ ತಿಳಿಯದು. ಅದನ್ನು ಬೇರ್ಪಡಿಸಿ ನೋಡುವ ವಿಧಾನ ಕಲಿಯಲು ಬಯಸುತ್ತೇನೆ.”

ಎರಡನೆಯದರಲ್ಲಿ ‘ಸೇವೆ’ ಎಂಬ ಪದವಿಲ್ಲ. ಆದರೆ ಅವಳು ಎಣಿಸಿದ್ದಾಳೆ, ಹೋಲಿಸಿದ್ದಾಳೆ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದ್ದಾಳೆ. ಹನ್ನೊಂದು ಮನೆಯಿಂದ ಏನನ್ನೂ ಸಾಬೀತು ಮಾಡಲಾಗದು. ಅದು ಅವಳಿಗೂ ಗೊತ್ತು. ಆದರೂ ಒಬ್ಬ ತಾಯಿಯ ಕೆಮ್ಮು ಅಲ್ಲಿ ಒಂದು ಓಣಿಯ ಪ್ರಶ್ನೆಯಾಗಿದೆ. ಆ ವರ್ಷ ಅವಳಿಗೆ ಪ್ರವೇಶ ಸಿಕ್ಕಿತು.

ನಾಲ್ಕು ಪ್ರಶ್ನೆಗಳು

ಭಾರತದಲ್ಲಿ ತಿರುವನಂತಪುರದ ಅಚ್ಯುತ ಮೇನೋನ್ ಕೇಂದ್ರ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ನಮ್ಮ ಮಣಿಪಾಲ ಮೊದಲಾದ ಕಡೆ ಈ ಓದು ಇದೆ. ಅರ್ಹತೆ, ಪರೀಕ್ಷೆ, ಸಂದರ್ಶನದ ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ‘ಸೋಫಾಸ್’ ಎಂಬ ಸಾಮಾನ್ಯ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಪಡೆಯುತ್ತವೆ. ಎಲ್ಲಿಗೇ ಬರೆಯಿರಿ, ಪ್ರಬಂಧ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು.

1. ಈ ವಿಷಯವೇ ಏಕೆ? ನೀವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿಯಿಂದ ಆರಂಭಿಸಿ. ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಮನೆಯ ಬಾವಿ, ಯಾವುದೂ ಆಗಬಹುದು.

2. ನೀವು ಏನು ಮಾಡಿದ್ದೀರಿ? ಲಸಿಕಾ ಶಿಬಿರದಲ್ಲಿ ಹೆಸರು ಬರೆದುಕೊಂಡದ್ದು, ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತಿದ್ದು ಸಣ್ಣ ಕೆಲಸವಲ್ಲ. ಮಾಡಿದ್ದನ್ನು ಬರೆಯಿರಿ, ಅದರಿಂದ ಕಲಿತದ್ದನ್ನೂ ಬರೆಯಿರಿ. ಮಾಡದಿದ್ದನ್ನು ಸೇರಿಸಬೇಡಿ.

3. ಇದೇ ಸಂಸ್ಥೆ ಏಕೆ? ‘ನಿಮ್ಮದು ಹೆಸರಾಂತ ಸಂಸ್ಥೆ’ ಎಂದರೆ ಉತ್ತರವಾಗದು. ಅಲ್ಲಿನ ಪಠ್ಯಕ್ರಮ ಓದಿ, ನಿಮ್ಮ ಪ್ರಶ್ನೆಗೆ ಬೇಕಾದ ಪಾಠ ಯಾವುದೆಂದು ಹೆಸರಿಸಿ. ಒಂದು ಸಂಸ್ಥೆಗೆ ಬರೆದದ್ದನ್ನು ಹೆಸರು ಬದಲಿಸಿ ಇನ್ನೊಂದಕ್ಕೆ ಕಳಿಸಬೇಡಿ. ಹಳೆಯ ಹೆಸರು ಒಂದು ಕಡೆ ಉಳಿದೇ ಬಿಡುತ್ತದೆ.

4. ಓದಿದ ಮೇಲೆ ಏನು? ‘ದೇಶದ ಆರೋಗ್ಯ ಸುಧಾರಿಸುತ್ತೇನೆ’ ಎನ್ನಬೇಡಿ. ಯಾವ ಊರಿನಲ್ಲಿ, ಯಾರ ಜೊತೆ, ಯಾವ ಕೆಲಸ ಎಂದು ಹೇಳಿ.

ಒಂದು ವರ್ಷ ಫೇಲಾಗಿದ್ದರೆ, ಓದು ನಡುವೆ ನಿಂತಿದ್ದರೆ ಮುಚ್ಚಿಡಬೇಡಿ. ಎರಡು ವಾಕ್ಯದಲ್ಲಿ ಕಾರಣ ಹೇಳಿ ಮುಂದೆ ಸಾಗಿ. ಬಡತನವನ್ನೂ ಅಷ್ಟೇ: ಮುಚ್ಚಿಡಲೂ ಬೇಡಿ, ಕಣ್ಣೀರು ತರಿಸಲು ಬಳಸಲೂ ಬೇಡಿ.

ಬರೆಯುವ ಕ್ರಮ

ಕೊನೆಯ ದಿನಾಂಕಕ್ಕೆ ಎರಡು ತಿಂಗಳ ಮೊದಲೇ ಕುಳಿತುಕೊಳ್ಳಿ. ಮೊದಲ ಕರಡನ್ನು ನಿಮಗೆ ಸಲೀಸಾದ ಭಾಷೆಯಲ್ಲಿ ಬರೆಯಿರಿ, ಬಳಿಕ ಸರಳ ಇಂಗ್ಲಿಷಿಗೆ ತನ್ನಿ. ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ವಾಕ್ಯವನ್ನು ಎರಡಾಗಿ ಒಡೆಯಿರಿ. ಪದಮಿತಿ ಮೀರಬೇಡಿ. ಇಬ್ಬರಿಗೆ ತೋರಿಸಿ: ವಿಷಯ ಬಲ್ಲವರೊಬ್ಬರಿಗೆ, ನಿಮ್ಮನ್ನು ಬಲ್ಲವರೊಬ್ಬರಿಗೆ. ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಿ. ಮಾತು ನಿಮ್ಮದೇ ಇರಲಿ. ಹಣ ಕೊಟ್ಟು ಬರೆಯಿಸಿದ್ದು, ಅಂತರ್ಜಾಲದಿಂದ ಎತ್ತಿದ್ದು, ಕಂಪ್ಯೂಟರ್ ಬರೆದುಕೊಟ್ಟದ್ದು ಸಿಕ್ಕಿಬೀಳಬಹುದು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಅದು ನಿಮ್ಮ ನೆರವಿಗೆ ಬರುವುದಿಲ್ಲ. ಶಿಫಾರಸು ಪತ್ರ ಬೇಕಿದ್ದರೆ ನಿಮ್ಮ ಅಧ್ಯಾಪಕರಿಗೆ ಕನಿಷ್ಠ ಮೂರು ವಾರ ಸಮಯ ಕೊಡಿ. ಪ್ರಬಂಧದ ಪ್ರತಿಯನ್ನೂ ಕೊಡಿ.

ಪೋಷಕರಿಗೂ ದಾನಿಗಳಿಗೂ

ಪೋಷಕರೇ, ಮಗಳು ಅಥವಾ ಮಗ ನಿಮ್ಮ ಕೆಲಸದ ಬಗ್ಗೆ ಕೇಳಿದರೆ ಬಿಡುವು ಮಾಡಿಕೊಂಡು ಹೇಳಿ. ನಿಮ್ಮ ದುಡಿಮೆಯ ವಿವರ ಅವರಿಗೆ ಯಾವ ಪುಸ್ತಕದಲ್ಲೂ ಸಿಗದು.

ದಾನಿಗಳೇ, ನಿಮ್ಮ ಹಣದಿಂದ ಶುಲ್ಕ ಕಟ್ಟುತ್ತೇವೆ. ಆದರೆ ಶುಲ್ಕ ಕಟ್ಟುವ ಹಂತಕ್ಕೆ ಬರುವ ಮೊದಲೇ ಅನೇಕ ಮಕ್ಕಳು ಈ ಒಂದೆರಡು ಪುಟದಲ್ಲಿ ಉಳಿದುಬಿಡುತ್ತಾರೆ. ನಿಮ್ಮಲ್ಲಿ ವೈದ್ಯರು, ನರ್ಸುಗಳು, ಆರೋಗ್ಯ ಇಲಾಖೆಯಲ್ಲಿ ದುಡಿದವರು ಇದ್ದೀರಿ. ವರ್ಷಕ್ಕೆ ಒಂದು ಮಧ್ಯಾಹ್ನ ಕೊಟ್ಟು ಮೂರು ಕರಡು ಓದಿದರೆ ಅದೂ ದೊಡ್ಡ ಕೊಡುಗೆಯೇ. ಓದುವಾಗ ಪೆನ್ನನ್ನು ಜೇಬಿನಲ್ಲೇ ಇಡಿ, ಪ್ರಶ್ನೆ ಮಾತ್ರ ಕೇಳಿ. ಈ ಪಾಠ ಕಲಿಯಲು ನನಗೆ ಆ ಹುಡುಗಿಯ ಒಂದು ವರ್ಷ ಬೇಕಾಯಿತು. ಇನ್ನೊಬ್ಬರಿಗೆ ಹಾಗಾಗುವುದು ಬೇಡ.