ಒಂದು ಮಡಿಚುವ ಚಾಕುವಿನ ಗುರುತು

ತಯಾರಿಕೆ ನಿಂತುಹೋದ ಉಪಕರಣವೊಂದರ ವಂಶವನ್ನು ನಿರ್ಣಯಿಸುವಾಗ ಅದರ ಮೇಲೆ ಕೆತ್ತಿರುವ ಅಂಕಿಗಿಂತಲೂ ಅದರ ರಚನೆಯೇ ದೃಢವಾದ ಸಾಕ್ಷ್ಯವಾಗುವುದೆಂಬುದಕ್ಕೆ, ಅಮೆರಿಕದ ಆರೆಗಾನ್ ಪ್ರಾಂತದ ಬೆಂಚ್‌ಮೇಡ್ ಕಂಪನಿಯು 1990ರ ದಶಕದಲ್ಲಿ ಹೊರತಂದು, ಮುಂದೆ ಕೈಬಿಟ್ಟ ಎ.ಎಫ್.ಸಿ.ಕೆ. ಎಂಬ ಮಡಿಚುವ ಚಾಕು ಒಳ್ಳೆಯ ನಿದರ್ಶನವಾಗಿದೆ. ಸೈನಿಕರ ಬಳಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ರೂಪಿಸಿದವರು ಆ ದೇಶದ ನೌಕಾಪಡೆಯ ಮಾಜಿ ಯೋಧ ಕ್ರಿಸ್ ಕರಾಚಿ.

ಹೆಬ್ಬೆರಳಿನಿಂದ ಅಲಗನ್ನು ತೆರೆಯಲು ಅದರಲ್ಲಿ ಕೊರೆದಿರುವ ದುಂಡನೆಯ ರಂಧ್ರವು ಮೊದಲು ಕಣ್ಣಿಗೆ ಬೀಳುವ ಲಕ್ಷಣವಾದರೂ, ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಲಾಗದು. ಏಕೆಂದರೆ ಅದು ಕೊಲರಾಡೋದ ಸ್ಪೈಡರ್ಕೊ ಕಂಪನಿಯು 1981ರಲ್ಲಿ ತನ್ನ ‘ವರ್ಕರ್’ ಚಾಕುವಿನೊಡನೆ ಬಳಕೆಗೆ ತಂದ ಉಪಾಯವಾಗಿದ್ದು, ಬೆಂಚ್‌ಮೇಡ್ ಅದನ್ನು ಅನುಮತಿ ಪಡೆದು ಉಪಯೋಗಿಸಿದ್ದಿತು.

ಪ್ರಭೇದಗಳನ್ನು ಬೇರ್ಪಡಿಸುವುದು ಬೀಗ. 800 ಎಂಬ ಅಂಕಿಯ ಮೂಲ ಮಾದರಿಯಲ್ಲಿ, ಹಿಡಿಯ ಒಳಮೈಗೆ ಹೊಂದಿಕೊಂಡಿರುವ ತೆಳುವಾದ ಲೋಹದ ಪಟ್ಟಿಯೊಂದು, ಅಲಗು ಪೂರ್ತಿಯಾಗಿ ತೆರೆದೊಡನೆ ತನ್ನ ಸ್ಥಿತಿಸ್ಥಾಪಕ ಗುಣದಿಂದ ಪಕ್ಕಕ್ಕೆ ಸರಿದು, ಅಲಗಿನ ಬುಡಕ್ಕೆ ಊರುಗೋಲಿನಂತೆ ನಿಲ್ಲುತ್ತದೆ. 806ರಲ್ಲಾದರೋ ಅದರ ಸ್ಥಾನದಲ್ಲಿ, ಹಿಡಿಯನ್ನು ಅಡ್ಡಲಾಗಿ ಹಾಯ್ದು ಎರಡೂ ಬದಿಗಳಿಗೆ ಇಣುಕುವ ಉಕ್ಕಿನ ಗೂಟವೊಂದು, ಸ್ಪ್ರಿಂಗುಗಳ ಒತ್ತಡದಿಂದ ಅಲಗಿನ ಬುಡದ ಮೇಲೆ ಕುಳಿತು, ಎಡಗೈಯವರಿಗೂ ಬಲಗೈಯವರಿಗೂ ಸಮಾನವಾಗಿ ಒದಗುತ್ತದೆ. ‘ಆಕ್ಸಿಸ್’ ಎಂಬ ಈ ಬೀಗವನ್ನು ಬಿಲ್ ಮೆಕ್‌ಹೆನ್ರಿ ಮತ್ತು ಜೇಸನ್ ವಿಲಿಯಮ್ಸ್ ಕಲ್ಪಿಸಿದರು. ಬೆಂಚ್‌ಮೇಡಿನ ಚಾಕುಗಳಲ್ಲಿ ಅದು ಬಂದುದು 1998ರಲ್ಲಿ. ಆದುದರಿಂದ ಅಂಕಿ ಪೂರಾ ಸವೆದುಹೋಗಿದ್ದರೂ, ಅಡ್ಡಗೂಟವನ್ನು ಕಂಡೊಡನೆ ಆ ಚಾಕು ಆ ವರ್ಷಕ್ಕಿಂತ ಹಳೆಯದಾಗಿರಲಾರದೆಂದು ನಿಸ್ಸಂದೇಹವಾಗಿ ಹೇಳಬಹುದು. ಇಷ್ಟು ಸ್ವಚ್ಛವಾದ ಕಾಲನಿರ್ಣಯವು ಇಂತಹ ವಸ್ತುಗಳಲ್ಲಿ ಅಪರೂಪವೆಂದೇ ನನ್ನ ಭಾವನೆ.

ಉಕ್ಕಿನ ವಿಚಾರ ಇನ್ನೂ ಸ್ವಾರಸ್ಯಕರವಾದುದು. 800ರ ಒಂದು ಪ್ರಭೇದಕ್ಕೆ ಬಳಸಿದ, ಜಪಾನಿನ ಹಿಟಾಚಿ ಕಂಪನಿಯ ಎ.ಟಿ.ಎಸ್.-34 ಎಂಬ ಉಕ್ಕಿನಲ್ಲಿ ಸುಮಾರು 14 ಪ್ರತಿಶತ ಕ್ರೋಮಿಯಂ ಇದ್ದು, ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಲಗಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಹೆಣೆದು ತುಕ್ಕನ್ನು ತಡೆಯುತ್ತದೆ. 800ರ ಇನ್ನೊಂದು ಪ್ರಭೇದಕ್ಕೆ ಬಳಸಿದ ಎಂ-2 ಉಕ್ಕಾದರೋ ಲೋಹವನ್ನು ಕೊರೆಯುವ ಉಪಕರಣಗಳಿಗಾಗಿ ಹುಟ್ಟಿದುದು. ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂ ಧಾತುಗಳ ಬಲದಿಂದ ಅದು ಕಾದರೂ ಕಾಠಿಣ್ಯವನ್ನು ಕಳೆದುಕೊಳ್ಳದು, ಆದರೆ ಕ್ರೋಮಿಯಂ ಕೇವಲ 4 ಪ್ರತಿಶತವಿರುವುದರಿಂದ ತೇವವನ್ನು ಸಹಿಸದು. ಅದಕ್ಕೆ ಕಪ್ಪು ಲೇಪನ ಬೇಕಾಯಿತು. 806ರ ಒಂದು ಪ್ರಭೇದದ ಡಿ-2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 12 ಪ್ರತಿಶತವಿದ್ದರೂ, 1.5 ಪ್ರತಿಶತದಷ್ಟಿರುವ ಇಂಗಾಲವು ಅದರಲ್ಲಿ ಬಹುಭಾಗವನ್ನು ಗಡುಸಾದ ಕಾರ್ಬೈಡ್ ಕಣಗಳಾಗಿ ಬಂಧಿಸಿಡುವುದರಿಂದ, ಪೊರೆಯನ್ನು ಹೆಣೆಯಲು ಉಳಿಯುವುದು ಸಾಲದಾಗುತ್ತದೆ. ಅಲಗಿನ ಹರಿತ ಬಹುಕಾಲ ನಿಲ್ಲುವುದೂ, ಅಲ್ಲಲ್ಲಿ ಕಲೆ ಬೀಳುವುದೂ ಒಂದೇ ಕಾರಣದ ಎರಡು ಫಲಗಳು.

ಅಯಸ್ಕಾಂತವು ಈ ಮೂರು ಉಕ್ಕುಗಳನ್ನೂ ಒಂದೇ ರೀತಿ ಸೆಳೆಯುವುದರಿಂದ ಅವನ್ನು ಬೇರ್ಪಡಿಸಲು ನಿರುಪಯುಕ್ತ. ಲೇಪನವನ್ನು ಉಜ್ಜಿ ತೆಗೆದಿರಬಹುದು. ಕಡಲತೀರದಲ್ಲಿ ಅಲಕ್ಷ್ಯಕ್ಕೆ ಗುರಿಯಾದ ಎ.ಟಿ.ಎಸ್.-34 ಅಲಗೂ ಕಲೆಗೊಳ್ಳಬಹುದು. ಸಾಣೆಯಿಂದ ಅಲಗಿನ ಆಕಾರ ಕೆಟ್ಟಿದ್ದರೆ, ಸಾಣೆ ಮುಟ್ಟದ ದುಂಡು ರಂಧ್ರದ ಅಂಚಿನಿಂದ ಬಾಯಿಯವರೆಗಿನ ದೂರವನ್ನು ಅಳೆದು, ಬಳಸದೆ ಉಳಿದ ಅದೇ ಮಾದರಿಯ ಚಾಕುವೊಂದರ ಅಳತೆಯೊಡನೆ ಹೋಲಿಸಿದರೆ, ಎಷ್ಟು ಉಕ್ಕು ಸವೆದುಹೋಗಿದೆಯೆಂಬುದು ತಿಳಿದುಬರುತ್ತದೆ.