‘ರೀಫ್’ ಎಂದರೆ ಪಕ್ಕೆಲುಬು

ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್ ಊರಿನ ಹೆಸರಿನಲ್ಲಿರುವ ‘ರೀಫ್’ ಪದದ ಮೂಲವನ್ನು ಅರಿತರೆ, ಅಲ್ಲಿನ ಶ್ರಮಜೀವಿಗಳ ರೋಗವೊಂದರ ಸ್ವರೂಪವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಉತ್ತರ ಯುರೋಪಿನ ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ರಿಫ್’ ಎಂದರೆ ಪಕ್ಕೆಲುಬು. ಕಡಲಿನಲ್ಲಿ ಪಕ್ಕೆಲುಬಿನಂತೆ ಚಾಚಿದ ಬಂಡೆಸಾಲಿಗೂ ಅದೇ ಹೆಸರಾಗಿ, ಡಚ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿತು. 19ನೆಯ ಶತಮಾನದಲ್ಲಿ ಆಸ್ಟ್ರೇಲಿಯದ ಗಣಿಗಾರರು ಚಿನ್ನವಿರುವ ಬೆಣಚುಕಲ್ಲಿನ ಪಟ್ಟೆಯನ್ನು ರೀಫ್ ಎಂದು ಕರೆದರು. ನಮ್ಮ ನಾಡಿನ ಗಣಿಗಳಲ್ಲಿಯೂ ಅದೇ ಅರ್ಥ ನೆಲೆಸಿತು.

ಆ ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಅತಿಸೂಕ್ಷ್ಮ ಧೂಳು ಪಕ್ಕೆಲುಬುಗಳ ಒಳಗಿನ ಶ್ವಾಸಕೋಶವನ್ನು ಹೊಕ್ಕು ಅದನ್ನು ಗಡಸುಗೊಳಿಸುತ್ತದೆ. ಇದೇ ಸಿಲಿಕೋಸಿಸ್. ಲ್ಯಾಟಿನ್ನಿನಲ್ಲಿ ‘ಸಿಲೆಕ್ಸ್’ ಎಂದರೆ ಗಟ್ಟಿಕಲ್ಲು. ಗಣಿಗಳು 2001ರಲ್ಲಿ ಮುಚ್ಚಿದರೂ, ದುಡಿದವರ ದೇಹದಲ್ಲಿ ಈ ರೋಗವು ಬಳಿಕವೂ ಬೆಳೆಯಬಲ್ಲದು, ಕ್ಷಯಕ್ಕೂ ದಾರಿಯಾಗಬಲ್ಲದು.

ಶುಂಠಿ, ಆಡುಸೋಗೆಗಳ ಕಷಾಯವು ಕೆಮ್ಮನ್ನು ಶಮನಗೊಳಿಸೀತು. ಶ್ವಾಸಕೋಶದ ಕಲ್ಲಿನ ಧೂಳನ್ನು ಕರಗಿಸದು. ಆಯುರ್ವೇದ ವೈದ್ಯರಾದ ನಾವು ಇದನ್ನು ಸಂಕೋಚವಿಲ್ಲದೆ ಹೇಳಬೇಕು. ಆದುದರಿಂದ ಗಣಿಯಲ್ಲಿ ದುಡಿದ ಹಿರಿಯರು ಕೆಮ್ಮು, ಉಬ್ಬಸ ಕಂಡೊಡನೆ ವೈದ್ಯರಿಗೆ ಮೊದಲು ತಮ್ಮ ಹಳೆಯ ವೃತ್ತಿಯನ್ನು ತಿಳಿಸಲಿ. ಎದೆಯ ಎಕ್ಸ್‌ರೇ, ಕಫಪರೀಕ್ಷೆ ಮಾಡಿಸಲಿ. ಧೂಮಪಾನವನ್ನು ಸಂಪೂರ್ಣ ತ್ಯಜಿಸಲಿ.