ಹೊಗೆ ನಿಂತ ಮೇಲೆ ಉಸಿರು

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಿಯಾನು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಇಷ್ಟು ಅಮೂಲ್ಯವಾದ ಉಸಿರಿಗೆ ತಿಳಿದೂ ತಿಳಿದೂ ಹೊಗೆಯನ್ನು ಬೆರೆಸಿಕೊಳ್ಳುವುದು ಅವನ ಸ್ವಭಾವದ ವೈಚಿತ್ರ್ಯಗಳಲ್ಲಿ ಒಂದು.

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯೂ ಇದಕ್ಕೆ ಹೊರತಲ್ಲ. ರಾಯಚೂರಿನ ಹತ್ತಿಯ ಮಾರುಕಟ್ಟೆಯಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳ ಮುಂದೆ, ದೇವದುರ್ಗದ ಚಹದಂಗಡಿಗಳಲ್ಲಿ ಬೀಡಿಯ ಹೊಗೆ ಅಪರಿಚಿತವಲ್ಲ. ಈಚೆಗೆ ಪಟ್ಟಣದ ತರುಣರ ಬಾಯಲ್ಲಿ ಹೊಸ ಮಾತೊಂದು ಕೇಳಿಬರುತ್ತಿದೆ: ಬೀಡಿ ಸಿಗರೇಟುಗಳನ್ನು ಬಿಟ್ಟು, ವಿದ್ಯುತ್ತಿನಿಂದ ಆವಿಯನ್ನು ಹೊಮ್ಮಿಸುವ ಇ-ಸಿಗರೇಟನ್ನು ಸೇದಿದರೆ ಶ್ವಾಸಕೋಶ ಮತ್ತೆ ಚೊಕ್ಕಟವಾಗುವುದಂತೆ! ಈ ಮಾತಿನಲ್ಲಿ ನಿಜವೆಷ್ಟು, ಭ್ರಮೆಯೆಷ್ಟು? ಇದನ್ನು ತೂಗಿನೋಡಬೇಕಾದರೆ ಹೊಗೆಯು ಶ್ವಾಸಕೋಶದಲ್ಲಿ ಮಾಡುವ ಕೆಲಸವನ್ನೂ, ಹೊಗೆ ನಿಂತ ಮೇಲೆ ಶ್ವಾಸಕೋಶವು ತಾನೇ ಮಾಡಿಕೊಳ್ಳುವ ದುರಸ್ತಿಯನ್ನೂ ಮೊದಲು ಅರಿಯಬೇಕು.

ಹೊಗೆಯ ಕೆಲಸ

ನಮ್ಮ ಗಂಟಲಿನಿಂದ ಇಳಿಯುವ ಶ್ವಾಸನಾಳವು ಮರದಂತೆ ಕವಲೊಡೆದು, ಕೊನೆಯಲ್ಲಿ ಅತಿ ಸಣ್ಣ ಗಾಳಿಗೂಡುಗಳಾಗಿ ಮುಗಿಯುತ್ತದೆ. ಎರಡು ಶ್ವಾಸಕೋಶಗಳಲ್ಲಿಯೂ ಕೂಡಿ ಇಂಥ ಗೂಡುಗಳು 30ರಿಂದ 50 ಕೋಟಿಯಷ್ಟಿವೆ. ಅವುಗಳ ತೆಳುವಾದ ಗೋಡೆಯ ಮೂಲಕವೇ ಆಮ್ಲಜನಕವು ರಕ್ತವನ್ನು ಸೇರಬೇಕು. ದೊಡ್ಡ ನಾಳಗಳ ಒಳಮೈಯಲ್ಲಿ ಅಂಟಾದ ಲೋಳೆಯ ಪದರವಿದ್ದು, ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳು ಸೆಕೆಂಡಿಗೆ 10–15 ಬಾರಿ, ಗಾಳಿಗೆ ಬಾಗುವ ಬತ್ತದ ಪೈರಿನಂತೆ, ಒಂದೇ ದಿಕ್ಕಿಗೆ ಬೀಸುತ್ತಿರುತ್ತವೆ. ಉಸಿರಿನೊಡನೆ ಹೊಕ್ಕ ಧೂಳು ಲೋಳೆಗೆ ಅಂಟಿ, ಈ ರೋಮಗಳ ಬೀಸಿಗೆ ಮೇಲೇರಿ ಗಂಟಲನ್ನು ಸೇರುತ್ತದೆ. ಹಗಲಿರುಳೂ ನಿಲ್ಲದೆ ಕಸ ಗುಡಿಸುವ ವ್ಯವಸ್ಥೆ ಇದು.

ತಂಬಾಕು ಉರಿದಾಗ ಹುಟ್ಟುವ ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳಿವೆ. ಅವುಗಳಲ್ಲಿ ಕೆಲವು ಈ ರೋಮಗಳನ್ನು ಮರಗಟ್ಟಿಸಿ ನಾಶಪಡಿಸುತ್ತವೆ. ಡಾಂಬರಿನಂಥ ಜಿಗುಟು ನಾಳಗಳಲ್ಲಿ ಕೂರುತ್ತದೆ. ಲೋಳೆ ಹೆಚ್ಚುತ್ತದೆ, ಸಾಗಿಸುವವರಿಲ್ಲದೆ ನಿಲ್ಲುತ್ತದೆ. ಸೇದುವವನ ಬೆಳಗಿನ ಕೆಮ್ಮಿಗೆ ಇದೇ ಕಾರಣ. ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವು ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟಿಕೊಂಡು ಆಮ್ಲಜನಕದ ಸ್ಥಾನವನ್ನು ಕಬಳಿಸುತ್ತದೆ. ವರ್ಷಗಳು ಕಳೆದಂತೆ ಗಾಳಿಗೂಡುಗಳ ಗೋಡೆಗಳೇ ಒಡೆದು, ಹಲವು ಸಣ್ಣ ಗೂಡುಗಳ ಸ್ಥಳದಲ್ಲಿ ಒಂದೇ ಸಡಿಲವಾದ ಚೀಲ ಉಳಿಯುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಆಗಲೇ.

ಬೀಡಿ ಚಿಕ್ಕದು, ಅದರಲ್ಲಿ ತಂಬಾಕು ಕಡಿಮೆ, ಆದುದರಿಂದ ಅಪಾಯವೂ ಕಡಿಮೆ ಎಂಬ ನಂಬಿಕೆ ಬಲವಾಗಿದೆ. ಇದು ತಪ್ಪು. ಬೀಡಿಗೆ ಸುತ್ತಿದ ಎಲೆಯಲ್ಲಿ ಕಾಗದದಂತೆ ಗಾಳಿಯಾಡುವುದಿಲ್ಲ. ಆರಿಹೋಗದಂತೆ ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಅಷ್ಟೂ ಹೊಗೆ ಒಳಗಿಳಿಯುತ್ತದೆ. ಭಾರತದ 11 ಲಕ್ಷ ಮನೆಗಳನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸು ಸರಾಸರಿ 6 ವರ್ಷಗಳನ್ನೂ, ಹೆಂಗಸು 8 ವರ್ಷಗಳನ್ನೂ, ಸಿಗರೇಟು ಸೇದುವ ಗಂಡಸು 10 ವರ್ಷಗಳನ್ನೂ ತಮ್ಮ ಆಯುಸ್ಸಿನಲ್ಲಿ ಕಳೆದುಕೊಳ್ಳುತ್ತಾರೆ.

ಶರೀರದ ದುರಸ್ತಿ

ಇನ್ನು ಹೊಗೆ ನಿಂತಿತೆನ್ನಿ. ರಕ್ತದಲ್ಲಿರುವ ಮಾನಾಕ್ಸೈಡ್ ನಾಲ್ಕೈದು ಗಂಟೆಗಳಿಗೊಮ್ಮೆ ಅರ್ಧರ್ಧವಾಗಿ ಇಳಿಯುತ್ತ, ಒಂದೆರಡು ದಿನಗಳಲ್ಲಿ ಸೇದದವರ ಮಟ್ಟಕ್ಕೆ ಬರುತ್ತದೆ. ಮುಂದಿನ ವಾರ ತಿಂಗಳುಗಳಲ್ಲಿ ಸೂಕ್ಷ್ಮ ರೋಮಗಳು ಮತ್ತೆ ಚಿಗುರಿ ಕೆಲಸಕ್ಕಿಳಿಯುತ್ತವೆ. ಆಗ ಕೆಲವರಿಗೆ ಕೆಮ್ಮು ಕಫಗಳು ಸ್ವಲ್ಪ ಕಾಲ ಹೆಚ್ಚಿದಂತೆ ತೋರುವುದುಂಟು. ‘ಬೀಡಿ ಬಿಟ್ಟಿದ್ದೇ ಕೆಟ್ಟಿತು’ ಎಂದು ಮತ್ತೆ ಹಚ್ಚುವವರಿದ್ದಾರೆ. ಬಹುಕಾಲ ಮುಚ್ಚಿದ್ದ ಮನೆಯನ್ನು ಗುಡಿಸತೊಡಗಿದಾಗ ಧೂಳೇಳುವುದು ಸಹಜ. ಅದಕ್ಕಾಗಿ ಪೊರಕೆಯನ್ನು ಬಿಸುಡುವುದುಂಟೆ? ಆದರೆ ಕೆಮ್ಮು ಎರಡು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ಕ್ಷಯದ ಪರೀಕ್ಷೆಯನ್ನು ಮಾಡಿಸಲೇಬೇಕು.

ಈ ದುರಸ್ತಿಯನ್ನು ಅಳೆಯುವ ವಿಧಾನವೂ ಉಂಟು. ತುಂಬ ಎಳೆದುಕೊಂಡ ಉಸಿರನ್ನು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬೀಳುವುದೆಂಬುದನ್ನು ಯಂತ್ರವು ತಿಳಿಸುತ್ತದೆ. ಈ ಪ್ರಮಾಣ ವಯಸ್ಸಿನೊಡನೆ ಎಲ್ಲರಲ್ಲಿಯೂ ಕುಗ್ಗುವುದು. ಅಮೆರಿಕ ಕೆನಡಗಳಲ್ಲಿ 1980ರ ದಶಕದಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ, ಶ್ವಾಸನಾಳಗಳು ಆಗಲೇ ಕಿರಿದಾಗತೊಡಗಿದ್ದ 5,887 ಧೂಮಪಾಯಿಗಳನ್ನು ಹೀಗೆ ಅಳೆದರು. ಸೇದುವುದನ್ನು ಬಿಟ್ಟವರಲ್ಲಿ ಮೊದಲ ವರ್ಷ ಈ ಪ್ರಮಾಣ ಕುಗ್ಗುವ ಬದಲು ಸರಾಸರಿ 47 ಮಿಲಿಲೀಟರು ಹೆಚ್ಚಿತು. 11 ವರ್ಷಗಳ ಬಳಿಕ ನೋಡಿದಾಗ, ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ ಸುಮಾರು 66 ಮಿಲಿಲೀಟರಿನಂತೆ ಅದು ಕುಗ್ಗಿತ್ತು. ಬಿಟ್ಟವರಲ್ಲಿ ಸುಮಾರು 30 ಮಾತ್ರ. ಈ ವ್ಯತ್ಯಾಸವೇ ಹತ್ತು ವರ್ಷಗಳಲ್ಲಿ ಲೀಟರಿನ ಮೂರನೆಯ ಒಂದು ಪಾಲನ್ನು ಮೀರುತ್ತದೆ. ಆ ಗಾಳಿ ಉಳಿದವನು ಮುಪ್ಪಿನಲ್ಲಿಯೂ ಹೊಲಕ್ಕೆ ನಡೆದುಹೋದಾನು. ಕಳೆದುಕೊಂಡವನು ಹೊರಸಿನ ಮೇಲೆ ಕುಳಿತು ಏದುತ್ತಿರಬಹುದು.

ಒಡೆದುಹೋದ ಗಾಳಿಗೂಡುಗಳು ಮಾತ್ರ ಮರಳಿ ಬಾರವು. ಇದರಿಂದ ಬೇಗ ಬಿಟ್ಟಷ್ಟೂ ಲಾಭ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷಗಳ ಕಾಲ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ತಿಳಿಸಿದಂತೆ, 60ರ ವಯಸ್ಸಿನಲ್ಲಿ ಬಿಟ್ಟವರು ಸುಮಾರು 3 ವರ್ಷ, 50ರಲ್ಲಿ 6, 40ರಲ್ಲಿ 9, 30ರಲ್ಲಿ 10 ವರ್ಷಗಳ ಆಯುಸ್ಸನ್ನು ಮರಳಿ ಗಳಿಸುತ್ತಾರೆ.

ಆವಿಯ ಪಾಲೆಷ್ಟು?

ಈಗ ಆವಿಯ ವಿಷಯಕ್ಕೆ ಬರೋಣ. ಚೀನದ ಹೊನ್ ಲಿಕ್ ಎಂಬವರು 2003ರಲ್ಲಿ ಈಗಿನ ಮಾದರಿಯ ಇ-ಸಿಗರೇಟನ್ನು ರೂಪಿಸಿದರು. ಸಣ್ಣ ಬ್ಯಾಟರಿಯೊಂದು ತಂತಿಯ ಸುರುಳಿಯನ್ನು ಕಾಯಿಸುತ್ತದೆ; ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ್ರವ್ಯಗಳು ಬೆರೆತ ದ್ರವವು ಆವಿಯ ಮಂಜಾಗುತ್ತದೆ. ಇಲ್ಲಿ ಯಾವುದೂ ಉರಿಯುವುದಿಲ್ಲ. ಆದುದರಿಂದ ಡಾಂಬರಿನಂಥ ಜಿಗುಟೂ ಮಾನಾಕ್ಸೈಡೂ ಇಲ್ಲವೆನ್ನುವಷ್ಟು ಕಡಿಮೆ. ಬ್ರಿಟನ್ನಿನಲ್ಲಿ 181 ಜನರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಸಿಗರೇಟನ್ನು ಪೂರ್ತಿಯಾಗಿ ಬಿಟ್ಟು ಆವಿಗೆ ಬಹುಕಾಲದಿಂದ ಹೊರಳಿದವರ ಶರೀರದಲ್ಲಿ ಕೆಲವು ಕ್ಯಾನ್ಸರ್‌ಕಾರಕ ವಸ್ತುಗಳು ಗಮನಾರ್ಹವಾಗಿ ತಗ್ಗಿದ್ದವು. ಎರಡನ್ನೂ ಸೇದುವವರಲ್ಲಿ ಆ ಲಾಭ ಕಾಣಲಿಲ್ಲ.

ಈ ಕಡೆಯ ವಾಕ್ಯವನ್ನು ವಾಚಕರು ಮತ್ತೊಮ್ಮೆ ಓದಬೇಕು. ಲಾಭವು ಆವಿಯಿಂದ ಬಂದುದಲ್ಲ, ಹೊಗೆ ನಿಂತದ್ದರಿಂದ ಬಂದುದು. ರಾಯಚೂರಿನಲ್ಲಿ ಒಬ್ಬನು ಆವಿ ಸೇದಿ ಉಸಿರು ಹಗುರವಾಯಿತೆಂದರೆ, ಅವನ ನಾಳಗಳಲ್ಲಿ ಮತ್ತೆ ಬೀಸತೊಡಗಿದ ರೋಮಗಳ ಶ್ರಮವನ್ನು ಅವನು ಯಂತ್ರದ ಲೆಕ್ಕಕ್ಕೆ ಬರೆಯುತ್ತಿದ್ದಾನೆ.

ಆವಿಯೂ ನಿರ್ದೋಷಿಯಲ್ಲ. ಅತಿಯಾಗಿ ಕಾದಾಗ ಅದರಲ್ಲಿ ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು ಹುಟ್ಟುತ್ತವೆ; ಸುರುಳಿಯ ಲೋಹದ ಕಣಗಳೂ ಸೇರುತ್ತವೆ. ಅಮೆರಿಕದಲ್ಲಿ 2019ರಲ್ಲಿ ಆವಿ ಸೇದಿದವರಿಗೆ ತೀವ್ರವಾದ ಶ್ವಾಸಕೋಶದ ರೋಗ ಹಬ್ಬಿ, 2020ರ ಫೆಬ್ರವರಿಯ ವೇಳೆಗೆ 2,807 ಜನ ಆಸ್ಪತ್ರೆ ಸೇರಿದ್ದರು, 68 ಜನ ಮೃತರಾಗಿದ್ದರು. ಗಾಂಜಾಸಾರವಿದ್ದ ದ್ರವಗಳಿಗೆ ಕಳ್ಳಸಂತೆಯಲ್ಲಿ ಬೆರೆಸಿದ್ದ ಇ ಜೀವಸತ್ವದ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿತು.

ನಿಕೋಟಿನ್ನಿನ ಹಿಡಿತವಂತೂ ಸಡಿಲುವುದಿಲ್ಲ. ಇಂಗ್ಲೆಂಡಿನಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ಬಳಿಕ ಇ-ಸಿಗರೇಟು ಪಡೆದವರಲ್ಲಿ ಶೇಕಡ 18, ನಿಕೋಟಿನ್ ಪಟ್ಟಿ ಮೊದಲಾದುವನ್ನು ಪಡೆದವರಲ್ಲಿ ಶೇಕಡ 9.9 ಜನ ಧೂಮಪಾನವನ್ನು ತೊರೆದಿದ್ದರು. ಇದು ಆವಿಯ ಪರವಾದ ಸಾಕ್ಷ್ಯವೇ ಸರಿ. ಆದರೆ ಹಾಗೆ ತೊರೆದವರ ಪೈಕಿ ಮೊದಲ ಗುಂಪಿನ ಶೇಕಡ 80 ಜನ ಇನ್ನೂ ಆವಿಯನ್ನು ಬಿಟ್ಟಿರಲಿಲ್ಲ. ಎರಡನೆಯ ಗುಂಪಿನಲ್ಲಿ ಪಟ್ಟಿಗಳಿಗೆ ಅಂಟಿಕೊಂಡಿದ್ದವರು ಶೇಕಡ 9 ಮಾತ್ರ.

ನಮ್ಮಲ್ಲಿ ಈ ದಾರಿ ಮುಚ್ಚಿದೆ. ಕರ್ನಾಟಕ ಸರ್ಕಾರವು 2016ರಲ್ಲಿಯೇ ಇ-ಸಿಗರೇಟುಗಳನ್ನು ನಿಷೇಧಿಸಿತು. 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆಯೂ ಅದೇ ವರ್ಷದ ಡಿಸೆಂಬರಿನ ಕಾಯಿದೆಯೂ ದೇಶದಾದ್ಯಂತ ಅವುಗಳ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನುಗಳನ್ನು ತಡೆದವು. ಆದುದರಿಂದ ಕದ್ದುಮುಚ್ಚಿ ಕೈಸೇರುವ ಯಂತ್ರದ ದ್ರವದಲ್ಲಿ ಏನಿದೆಯೆಂದು ಹೇಳಬಲ್ಲವರಾರೂ ಇಲ್ಲ. ಬ್ರಿಟನ್ನಿನ ಪ್ರಯೋಗಾಲಯದ ಫಲಿತಾಂಶವನ್ನು ಅದಕ್ಕೆ ಅನ್ವಯಿಸುವುದು ಸಾಧುವಲ್ಲ.

ಮತ್ತೊಂದು ಬದಲಾವಣೆ

ಇದಕ್ಕಿಂತಲೂ ಹೆಚ್ಚು ಬಳಕೆಯಲ್ಲಿರುವ ಬದಲಾವಣೆ ಇನ್ನೊಂದಿದೆ: ಬೀಡಿಯನ್ನು ಬಿಟ್ಟು ತಂಬಾಕನ್ನು ಬಾಯಿಗೆ ಹಾಕುವುದು. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರ ಪೈಕಿ ಸೇದುವವರು ಶೇಕಡ 10.7, ಅಗಿಯುವ ಮೊದಲಾದ ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಶೇಕಡ 21.4. ಇದರಿಂದ ಶ್ವಾಸಕೋಶಕ್ಕೆ ಬಿಡುವು ದೊರೆತರೂ ಕ್ಯಾನ್ಸರು ಬಾಯಲ್ಲಿ ಕಾದಿರುತ್ತದೆ.

ಈ ಸೀಮೆಯ ಶ್ವಾಸಕೋಶಗಳಿಗೆ ಬೇರೆ ಹೊರೆಯೂ ಸಾಕಷ್ಟಿದೆ. ಜಿನ್ನಿಂಗ್ ಕಾರ್ಖಾನೆಗಳ ಹತ್ತಿಯ ನಾರು, ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು, ಕಟ್ಟಿಗೆಯ ಒಲೆಯ ಹೊಗೆ—ಇವನ್ನೆಲ್ಲ ಹೊರದೂಡಬೇಕಾದುದು ಅದೇ ಸೂಕ್ಷ್ಮ ರೋಮಗಳು. ಧೂಳಿನಲ್ಲಿ ದುಡಿಯುವವನು ಬೀಡಿಯನ್ನೂ ಸೇದಿದರೆ, ಪೊರಕೆಯನ್ನು ಸುಟ್ಟು ಕಸವನ್ನು ಒಳಗೆ ಸುರಿದುಕೊಂಡಂತೆ. ಧೂಮಪಾನವು ಕ್ಷಯರೋಗಕ್ಕೂ ದಾರಿ ಮಾಡುತ್ತದೆ. ತಮಿಳುನಾಡಿನ ಅಧ್ಯಯನವೊಂದು, ಗಂಡಸರ ಕ್ಷಯದ ಸಾವುಗಳಲ್ಲಿ ಸುಮಾರು ಅರ್ಧಕ್ಕೆ ಧೂಮಪಾನವೇ ಹೊಣೆಯೆಂದು 2003ರಲ್ಲಿ ಎತ್ತಿತೋರಿಸಿತು.

ಬಿಡುವ ಬಗೆ

ಬಿಡುವುದು ಕಷ್ಟ, ಅಸಾಧ್ಯವಲ್ಲ. ಸಿಡುಕು, ನಿದ್ರಾಭಂಗ, ಚಡಪಡಿಕೆಗಳು ಮೊದಲ ವಾರದಲ್ಲಿ ಉಲ್ಬಣಿಸಿ, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ನಿಕೋಟಿನ್ ಇರುವ ಚ್ಯೂಯಿಂಗ್ ಗಮ್ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ವೈದ್ಯರ ಸಲಹೆಯಂತೆ ಅದನ್ನು ಬಳಸಿ ಕ್ರಮೇಣ ತಗ್ಗಿಸಬಹುದು. 1800-11-2356 ಎಂಬ ರಾಷ್ಟ್ರೀಯ ದೂರವಾಣಿಗೆ ಕರೆ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುವುದು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ಸೇರಿತು. ಒಮ್ಮೆ ಜಾರಿದವರು ಎದೆಗೆಡಬೇಕಾಗಿಲ್ಲ. ಪೂರ್ತಿಯಾಗಿ ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಯತ್ನಿಸಿ ಗೆದ್ದವರೇ.

ಶ್ವಾಸಕೋಶವು ತನ್ನ ದುರಸ್ತಿಗೆ ಹೊಸ ಯಂತ್ರವನ್ನು ಬೇಡುವುದಿಲ್ಲ, ಹಣವನ್ನೂ ಬೇಡುವುದಿಲ್ಲ. ಅದು ಬೇಡುವುದು ಶುದ್ಧವಾದ ಗಾಳಿಯನ್ನೂ ಸ್ವಲ್ಪ ಕಾಲಾವಕಾಶವನ್ನೂ ಮಾತ್ರ. ಅವೆರಡನ್ನು ಕೊಡುವುದು ಸೇದುವವನ ಕೈಯಲ್ಲಿಯೇ ಇದೆ.